ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ದಂಡದ ಮೇಲೆ ಗಾಲ್ಫ್ ಚೆಂಡಿನಂಥ ಕುಳಿಗಳನ್ನು ಮಾಡಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ಶಟಲ್‌ಪ್ರಿಯ

ನಮಸ್ಕಾರ. ನಾನು ಧಾರವಾಡದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಹಿಡಿಕೆಗೂ ತಲೆಗೂ ನಡುವೆ ಇರುವ ಸಪೂರ ಕಾರ್ಬನ್ ದಂಡದ ಮೇಲೆ ಬೀಳುವ ಗಾಳಿಯ ತಡೆಯನ್ನು ತಗ್ಗಿಸುವುದು ನಮ್ಮ ತಂಡದ ಪ್ರಾಜೆಕ್ಟಿನ ವಿಷಯ. ಈಚೆಗೆ ಮಾರುಕಟ್ಟೆಗೆ ಬರುತ್ತಿರುವ ಹಲವು ರ‍್ಯಾಕೆಟ್ಟುಗಳ ಜಾಹೀರಾತಿನಲ್ಲಿ, ದಂಡವನ್ನು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿಸಿದ್ದರಿಂದ ಬೀಸುವ ವೇಗ ಹೆಚ್ಚಿದೆ ಎಂಬ ಮಾತು ಕಾಣುತ್ತದೆ. ದಂಡವನ್ನು ತೆಳುವಾಗಿಸುವ ಬದಲು ಅದರ ಮೇಲ್ಮೈಯನ್ನೇ ಬದಲಿಸಬಹುದಲ್ಲವೇ ಎಂಬ ಯೋಚನೆಯಿಂದ, ಗಾಲ್ಫ್ ಚೆಂಡಿನ ಮೇಲಿರುವಂಥ ಸಣ್ಣ ಕುಳಿಗಳನ್ನೋ ಸುರುಳಿಯಾಕಾರದ ಏಣುಗಳನ್ನೋ ದಂಡದ ಮೇಲೆ ಮೂಡಿಸಿ ಪರೀಕ್ಷಿಸಬೇಕೆಂದುಕೊಂಡಿದ್ದೇವೆ. ದುಂಡಗಿನ ಅಡ್ಡಕೊಯ್ತವನ್ನು ಬಿಟ್ಟು ವಿಮಾನದ ರೆಕ್ಕೆಯಂತೆ ನೀಳವಾದ ಅಡ್ಡಕೊಯ್ತವನ್ನು ಮಾಡಿದರೆ ಹೇಗೆ ಎಂಬ ಪ್ರಶ್ನೆಯೂ ನಮ್ಮ ಮುಂದಿದೆ.

ನಮ್ಮ ಕಾಲೇಜಿನಲ್ಲಿ 300 ಮಿಲಿಮೀಟರ್ ಚೌಕದ ಪರೀಕ್ಷಾ ಭಾಗವಿರುವ, ಸೆಕೆಂಡಿಗೆ ಸುಮಾರು 30 ಮೀಟರ್ ವೇಗದವರೆಗೆ ಗಾಳಿ ಹರಿಸಬಲ್ಲ ಸಣ್ಣದೊಂದು ವಾಯುಸುರಂಗವಿದೆ. ಈ ಯೋಚನೆಗೆ ಭೌತಶಾಸ್ತ್ರದ ಆಧಾರವಿದೆಯೇ, ಬೇರೆ ಕ್ರೀಡೆಗಳ ಸಲಕರಣೆಗಳಲ್ಲಿ ಇಂಥ ಪ್ರಯತ್ನಗಳು ನಡೆದಿವೆಯೇ, ನಮ್ಮ ವಾಯುಸುರಂಗದಲ್ಲಿ ಇಷ್ಟು ಸಣ್ಣ ಬಲವನ್ನು ನಂಬುವಂತೆ ಅಳೆಯಲು ಸಾಧ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹರಿವಿನ ಮೇಷ್ಟ್ರು

ಕುಳಿಗಳ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಪ್ರಾಜೆಕ್ಟಿನ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ.

ದುಂಡಗಿನ ವಸ್ತುವೊಂದು ಗಾಳಿಗೆ ಅಡ್ಡವಾಗಿ ಚಲಿಸುವಾಗ ಅದರ ಮೇಲ್ಮೈಗೆ ಅಂಟಿಕೊಂಡು ಹರಿಯುವ ತೆಳು ಗಡಿಪದರವು ವಸ್ತುವಿನ ಅತ್ಯಂತ ಅಗಲವಾದ ಜಾಗದ ಹತ್ತಿರ ಮೇಲ್ಮೈಯಿಂದ ಬಿಟ್ಟುಕೊಂಡು, ಹಿಂಬದಿಯಲ್ಲಿ ಒತ್ತಡ ಕಡಿಮೆಯಿರುವ ಅಗಲವಾದ ಸುಳಿವಲಯವನ್ನು ಉಂಟುಮಾಡುತ್ತದೆ. ಮುಂಬದಿಯ ಹೆಚ್ಚಿನ ಒತ್ತಡಕ್ಕೂ ಹಿಂಬದಿಯ ಕಡಿಮೆ ಒತ್ತಡಕ್ಕೂ ಇರುವ ಅಂತರವೇ ಇಲ್ಲಿ ತಡೆಯ ಬಹುಪಾಲು. ಮೇಲ್ಮೈಯ ಮೇಲೆ ಗಾಳಿ ಉಜ್ಜಿಕೊಂಡು ಹೋಗುವುದರಿಂದ ಬರುವ ಘರ್ಷಣೆ ಅದರ ಮುಂದೆ ನಗಣ್ಯ. ಗಡಿಪದರವು ನಯವಾಗಿ ಹರಿಯುವುದನ್ನು ಬಿಟ್ಟು ಪ್ರಕ್ಷುಬ್ಧವಾದರೆ, ಹೊರಗಿನ ವೇಗದ ಗಾಳಿಯ ಶಕ್ತಿಯನ್ನು ಒಳಗೆ ಬೆರೆಸಿಕೊಂಡು ಮೇಲ್ಮೈಯನ್ನು ಇನ್ನಷ್ಟು ದೂರ ಹಿಂಬಾಲಿಸುತ್ತದೆ, ಸುಳಿವಲಯ ಕಿರಿದಾಗುತ್ತದೆ, ತಡೆ ಒಮ್ಮೆಲೇ ಕುಸಿಯುತ್ತದೆ. ಗಾಲ್ಫ್ ಚೆಂಡಿನ ಕುಳಿಗಳು ಮಾಡುವುದು ಇಷ್ಟೇ ಕೆಲಸವನ್ನು.

ಆದರೆ ಈ ಕುಸಿತವು ರೆನಾಲ್ಡ್ಸ್ ಸಂಖ್ಯೆ ಒಂದು ಮಿತಿಯನ್ನು ದಾಟಿದ ಮೇಲೆ ಮಾತ್ರ ಆಗುತ್ತದೆ. ವೇಗವನ್ನು ವ್ಯಾಸದಿಂದ ಗುಣಿಸಿ ಗಾಳಿಯ ಚಲನ ಸ್ನಿಗ್ಧತೆಯಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ನಯವಾದ ಸಿಲಿಂಡರಿನ ಡ್ರ್ಯಾಗ್ ಗುಣಾಂಕವು (ಆಕಾರವೊಂದು ಗಾಳಿಗೆ ಎಷ್ಟು ತಡೆ ಒಡ್ಡುತ್ತದೆ ಎಂಬುದನ್ನು ಸೂಚಿಸುವ ಸಂಖ್ಯೆ) ಸುಮಾರು 1,000ದಿಂದ 2 ಲಕ್ಷದವರೆಗಿನ ರೆನಾಲ್ಡ್ಸ್ ಸಂಖ್ಯೆಗಳಿಗೆ 1ರಿಂದ 1.2ರ ಆಸುಪಾಸಿನಲ್ಲಿಯೇ ಇರುತ್ತದೆ. 3 ಲಕ್ಷದ ಸುತ್ತಮುತ್ತ ಅದು 0.3ರವರೆಗೂ ಇಳಿಯುತ್ತದೆ. 42.67 ಮಿಲಿಮೀಟರ್ ವ್ಯಾಸದ ಗಾಲ್ಫ್ ಚೆಂಡು ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಹೊರಟಾಗ ಅದರ ರೆನಾಲ್ಡ್ಸ್ ಸಂಖ್ಯೆ ಹತ್ತಿರ ಹತ್ತಿರ 2 ಲಕ್ಷ, ಮತ್ತು ಕುಳಿಗಳು ಕುಸಿತದ ಮಿತಿಯನ್ನು 50,000ದ ಆಸುಪಾಸಿಗೆ ಇಳಿಸುವುದರಿಂದ ಚೆಂಡು ತನ್ನ ಹಾರಾಟದ ಬಹುಭಾಗವನ್ನು ಕುಸಿದ ತಡೆಯಲ್ಲಿಯೇ ಕಳೆಯುತ್ತದೆ. ನಿಮ್ಮ ದಂಡದ ವ್ಯಾಸ 7 ಮಿಲಿಮೀಟರ್. ಅದು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಚಲಿಸಿದರೆ ರೆನಾಲ್ಡ್ಸ್ ಸಂಖ್ಯೆ ಸುಮಾರು 12,000 ಮಾತ್ರ. ನಯವಾದ ದಂಡಕ್ಕೆ 2 ಲಕ್ಷ ತಲುಪಬೇಕಾದರೆ ಸೆಕೆಂಡಿಗೆ 430 ಮೀಟರ್ ವೇಗ ಬೇಕು, ಅಂದರೆ ಶಬ್ದದ ವೇಗವನ್ನೂ ಮೀರಬೇಕು. ಕುಳಿಗಳಿಂದ ಮಿತಿ 50,000ಕ್ಕೆ ಇಳಿಯಿತೆಂದುಕೊಂಡರೂ ಸೆಕೆಂಡಿಗೆ 107 ಮೀಟರ್ ಬೇಕು. ಯಾವ ಆಟಗಾರರ ತೋಳೂ ದಂಡದ ಆ ಭಾಗವನ್ನು ಅಷ್ಟು ವೇಗವಾಗಿ ಒಯ್ಯದು. ಇದಕ್ಕಿಂತ ಕೆಳಗಿನ ವೇಗಗಳಲ್ಲಿ ಕುಳಿಗಳಿಂದ ಲಾಭವೂ ಇಲ್ಲ, ಹೆಚ್ಚಿನ ನಷ್ಟವೂ ಇಲ್ಲ. ತೆಳುವಾದ ಕಾರ್ಬನ್ ಗೋಡೆಯನ್ನು ಮಾತ್ರ ವೃಥಾ ದುರ್ಬಲಗೊಳಿಸಿದಂತಾಗುತ್ತದೆ.

ಸುರುಳಿ ಏಣುಗಳ ಉದ್ದೇಶವೇ ಬೇರೆ. ಕಾರ್ಖಾನೆಗಳ ಎತ್ತರದ ಚಿಮಣಿಗಳ ತುದಿಯಲ್ಲಿ ಸುತ್ತಿರುವ ಅಂಥ ಏಣುಗಳನ್ನು ನೀವು ನೋಡಿರಬಹುದು. ಸಿಲಿಂಡರಿನ ಎರಡು ಬದಿಗಳಿಂದ ಸುಳಿಗಳು ಒಂದಾದ ಮೇಲೊಂದರಂತೆ ಕಳಚಿಕೊಳ್ಳುವಾಗ ಹುಟ್ಟುವ ಕಂಪನವನ್ನು ತಪ್ಪಿಸಲು ಅವುಗಳನ್ನು ಹಾಕುತ್ತಾರೆಯೇ ಹೊರತು ತಡೆಯನ್ನು ಕಡಿಮೆ ಮಾಡಲು ಅಲ್ಲ. ತಡೆ ಅವುಗಳಿಂದ ಹೆಚ್ಚುತ್ತದೆ. ರ‍್ಯಾಕೆಟ್ ಬೀಸಿದಾಗ ಕೇಳುವ ಸುಯ್ಯೆಂಬ ಸದ್ದು ಇದೇ ಸುಳಿಗಳದ್ದು. 7 ಮಿಲಿಮೀಟರ್ ದಂಡಕ್ಕೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಅದರ ಆವರ್ತನ ಸುಮಾರು 700 ಹರ್ಟ್ಸ್ ಆಗುತ್ತದೆ.

ಇನ್ನು ದಂಡ ಎಷ್ಟರ ಮಟ್ಟಿಗೆ ಮುಖ್ಯ ಎಂಬ ಪ್ರಶ್ನೆ. ಇದನ್ನು ನೀವು ಕೇಳಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ. ರ‍್ಯಾಕೆಟ್ಟಿನ ಉದ್ದ 675 ಮಿಲಿಮೀಟರ್, ಸ್ಮ್ಯಾಶ್ ಹೊಡೆತದಲ್ಲಿ ಹಿಡಿಕೆಯ ತುದಿಯ ವೇಗ ಸೆಕೆಂಡಿಗೆ 10 ಮೀಟರ್, ತಲೆಯ ತುದಿಯ ವೇಗ 50 ಮೀಟರ್ ಎಂದು ಇಟ್ಟುಕೊಂಡು ಅಂದಾಜಿನ ಲೆಕ್ಕ ಮಾಡಿ ನೋಡಿ. ತಡೆಯ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಕೈಗೆ ಹತ್ತಿರವಿರುವ, 21 ಸೆಂಟಿಮೀಟರ್ ಉದ್ದದ ದಂಡದ ಮೇಲೆ ಬೀಳುವ ಬಲ ಒಂದು ನ್ಯೂಟನ್ನಿಗಿಂತ ಕಡಿಮೆ. ಸುಮಾರು 10 ಮಿಲಿಮೀಟರ್ ಅಗಲದ ಚೌಕಟ್ಟಿನ ಮೇಲೆ ಎಂಟೊಂಬತ್ತು ನ್ಯೂಟನ್, ಮತ್ತು 0.68 ಮಿಲಿಮೀಟರ್ ದಪ್ಪದ ತಂತಿಗಳೆಲ್ಲ ಸೇರಿ ಇನ್ನೊಂದು ಐದು ನ್ಯೂಟನ್ ಬೀಳುತ್ತದೆ. ಕಣ್ಣಿಗೆ ಕಾಣದಷ್ಟು ಸಪೂರವಾದ ತಂತಿಗಳನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ತಲೆಯೊಳಗಿನ ತಂತಿಯ ಒಟ್ಟು ಉದ್ದ ಏಳೆಂಟು ಮೀಟರ್ ಆಗುವುದರಿಂದ ಅವು ಗಾಳಿಗೆ ಒಡ್ಡುವ ಕ್ಷೇತ್ರಫಲ ದಂಡದ ಮೂರು ಪಟ್ಟಿಗಿಂತ ಹೆಚ್ಚು. ಹೀಗೆ ಒಟ್ಟು ತಡೆಯಲ್ಲಿ ದಂಡದ ಪಾಲು ನೂರಕ್ಕೆ ಆರರ ಆಸುಪಾಸು ಮಾತ್ರ. 7 ಮಿಲಿಮೀಟರನ್ನು 6.5ಕ್ಕೆ ಇಳಿಸಿದರೆ ಆ ಆರರಲ್ಲಿ ಶೇಕಡ ಏಳರಷ್ಟು ಉಳಿತಾಯವಾಗುತ್ತದೆ, ಅಂದರೆ ಒಟ್ಟು ತಡೆಯಲ್ಲಿ ಶೇಕಡ ಅರ್ಧಕ್ಕೂ ಕಡಿಮೆ. ಸಮುದ್ರಮಟ್ಟದ ಮಂಗಳೂರಿಗೂ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿಗೂ ಗಾಳಿಯ ಸಾಂದ್ರತೆಯಲ್ಲಿಯೇ ಶೇಕಡ ಹತ್ತರಷ್ಟು ವ್ಯತ್ಯಾಸವಿದೆ. ಬೆಂಗಳೂರಿನಲ್ಲಿ ಮಂಗಳೂರಿಗಿಂತ ನಿಧಾನಗತಿಯ ಶಟಲ್ ಬಳಸಬೇಕಾಗುವುದು ಅದರಿಂದಲೇ. ಆ ವ್ಯತ್ಯಾಸದ ಮುಂದೆ ತೆಳು ದಂಡದ ಲಾಭ ಏನೇನೂ ಅಲ್ಲ.

ತೆಳುವಾಗಿಸುವುದಕ್ಕೆ ತೆರಬೇಕಾದ ಬೆಲೆಯೂ ಇದೆ. ತೆಳುಗೋಡೆಯ ಕೊಳವೆಯ ಬಾಗು ಗಡಸುತನವು ವ್ಯಾಸದ ಘನಕ್ಕೆ ಅನುಪಾತದಲ್ಲಿರುವುದರಿಂದ, ಗೋಡೆಯ ದಪ್ಪವನ್ನು ಹಾಗೆಯೇ ಉಳಿಸಿಕೊಂಡು ವ್ಯಾಸವನ್ನು 6.5ಕ್ಕೆ ಇಳಿಸಿದರೆ ಗಡಸುತನ ಶೇಕಡ ಇಪ್ಪತ್ತರಷ್ಟು ಇಳಿಯುತ್ತದೆ. ಅದನ್ನು ಸರಿದೂಗಿಸಲು ಇನ್ನೂ ಬಿಗುವಾದ, ಇನ್ನೂ ದುಬಾರಿಯಾದ ಕಾರ್ಬನ್ ನಾರನ್ನು ಹಾಕಬೇಕಾಗುತ್ತದೆ. ಆಟಗಾರರಿಗೆ ತೆಳು ದಂಡದ ರ‍್ಯಾಕೆಟ್ಟಿನಲ್ಲಿ ಅನುಭವಕ್ಕೆ ಬರುವ ವ್ಯತ್ಯಾಸ ಬಹುಮಟ್ಟಿಗೆ ಈ ಬಾಗು ಮತ್ತು ತೂಕದ ಹಂಚಿಕೆಯದ್ದೇ ಇರಬೇಕೆಂದು ನನ್ನ ಅಭಿಪ್ರಾಯ.

ನೀಳ ಅಡ್ಡಕೊಯ್ತದ ಯೋಚನೆಗೆ ಮಾತ್ರ ಗಟ್ಟಿಯಾದ ಆಧಾರವಿದೆ. ಉದ್ದವು ಅಗಲದ ಎರಡರಷ್ಟಿರುವ ದೀರ್ಘವೃತ್ತದ ಡ್ರ್ಯಾಗ್ ಗುಣಾಂಕ ಈ ವೇಗಗಳಲ್ಲಿಯೂ ಸುಮಾರು 0.6, ಅಂದರೆ ದುಂಡು ದಂಡದ ಅರ್ಧ. ತೊಡಕೆಂದರೆ ಗಾಳಿ ಸದಾ ಒಂದೇ ದಿಕ್ಕಿನಿಂದ ಬಂದರೆ ಮಾತ್ರ ಈ ಲಾಭ. ಸ್ಮ್ಯಾಶಿನಲ್ಲಿ ರ‍್ಯಾಕೆಟ್ ಮೊದಲು ಅಂಚನ್ನು ಮುಂದೆ ಮಾಡಿಕೊಂಡು ಬರುತ್ತದೆ. ಮುಂಗೈ ತಿರುಗಿದ ಮೇಲೆ ಕೊನೆಯ ಗಳಿಗೆಯಲ್ಲಿ ಅದರ ಮುಖ ಶಟಲ್ಲಿಗೆ ಎದುರಾಗುತ್ತದೆ. ಒಂದೇ ಹೊಡೆತದೊಳಗೆ ಗಾಳಿಯ ದಿಕ್ಕು ಕಾಲು ಸುತ್ತಿನಷ್ಟು ಬದಲಾಗುವುದರಿಂದ, ಒಂದು ಹಂತದಲ್ಲಿ ಉಳಿಸಿದ್ದನ್ನು ಇನ್ನೊಂದು ಹಂತದಲ್ಲಿ ಬಡ್ಡಿಸಹಿತ ಕೊಡಬೇಕಾಗಬಹುದು. ಅಂಚಿನ ದಿಕ್ಕಿನ ಚಲನೆಗೆ ಎಷ್ಟು, ಮುಖದ ದಿಕ್ಕಿನ ಚಲನೆಗೆ ಎಷ್ಟು ಎಂಬುದನ್ನು ಕೋನವಾರು ಅಳೆದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್ ಆದೀತು.

ನಿಯಮದ ಕಡೆಗೂ ಒಂದು ಕಣ್ಣಿರಲಿ. ಸವಕಳಿ ಅಥವಾ ಕಂಪನ ತಡೆಯುವುದು, ತೂಕ ಹಂಚುವುದು, ಹಿಡಿಕೆಯನ್ನು ಕೈಗೆ ಭದ್ರಪಡಿಸುವುದು ಇವುಗಳಿಗಲ್ಲದೆ ರ‍್ಯಾಕೆಟ್ಟಿಗೆ ಬೇರೆ ಯಾವುದೇ ಅಂಟಿಕೆ ಅಥವಾ ಉಬ್ಬು ಇರಕೂಡದೆಂದು ಬ್ಯಾಡ್ಮಿಂಟನ್ ನಿಯಮಾವಳಿ ಹೇಳುತ್ತದೆ. ದಂಡದ ಮೇಲೆ ಏಣು ಅಂಟಿಸಿದರೆ ಅದು ಪ್ರಯೋಗಾಲಯದಲ್ಲಿಯೇ ಉಳಿಯಬೇಕಾಗುತ್ತದೆ.

ಉತ್ತರ: ಗಾಲ್ಫ್ ಬೆಂಚು

ಗಾಲ್ಫ್ ಕ್ಲಬ್ಬುಗಳ ದಂಡ ಬದಲಿಸುವುದು, ಉದ್ದ ಸರಿಪಡಿಸುವುದು ನನ್ನ ಕೆಲಸ. ಆದುದರಿಂದ ಚೆಂಡನ್ನು ಬಿಟ್ಟು ದಂಡದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಮೇಲಿನ ಉತ್ತರದಲ್ಲಿ ಬ್ಯಾಡ್ಮಿಂಟನ್ ದಂಡದ ಪಾಲು ಸಣ್ಣದೆಂದು ಹೇಳಿರುವುದು ಸರಿ. ಗಾಲ್ಫಿನಲ್ಲಿ ಮಾತ್ರ ಹಾಗಿಲ್ಲ. ಚೆಂಡನ್ನು ಅತಿ ದೂರ ಹೊಡೆಯಲು ಬಳಸುವ ಕ್ಲಬ್ಬಾದ ಡ್ರೈವರಿನ ಉದ್ದ ಸುಮಾರು 114 ಸೆಂಟಿಮೀಟರ್. ಅದರಲ್ಲಿ ಹಿಡಿಕೆಯನ್ನು ಕಳೆದರೆ 85 ಸೆಂಟಿಮೀಟರ್ ದಂಡ ಗಾಳಿಯನ್ನು ಸೀಳುತ್ತದೆ. ಮೇಲ್ತುದಿಯಲ್ಲಿ 15 ಮಿಲಿಮೀಟರ್ ದಪ್ಪವಿರುವ ದಂಡ ತಲೆಯ ಹತ್ತಿರ 8.5 ಮಿಲಿಮೀಟರಿಗೆ ಇಳಿಯುತ್ತದೆ. ತಲೆ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಚೆಂಡಿಗೆ ತಗಲುವ ಹೊತ್ತಿನಲ್ಲಿ, ಮೇಷ್ಟ್ರ ವಿಧಾನವನ್ನೇ ಅನುಸರಿಸಿ ನಾನು ಹಾಕಿದ ಲೆಕ್ಕದಂತೆ, ದಂಡದ ಮೇಲಿನ ಬಲ ಎಂಟು ನ್ಯೂಟನ್ ಆಗುತ್ತದೆ. ದೊಡ್ಡ ತಲೆಯ ಮೇಲೆ ಬೀಳುವ ಬಲಕ್ಕೆ ಇದೇನೂ ಕಡಿಮೆಯಲ್ಲ. ಗಾಳಿಯ ತಡೆಯೆಂದರೆ ಎಲ್ಲರೂ ತಲೆಯನ್ನೇ ನೋಡುತ್ತಾರೆ. 2014ರಲ್ಲಿ ಪಿಂಗ್ ಕಂಪನಿಯ ಜಿ30 ಡ್ರೈವರಿನ ನೆತ್ತಿಯ ಮೇಲೆ ಸಣ್ಣ ಏಣುಗಳು ಬಂದದ್ದು ಗಡಿಪದರವನ್ನು ಪ್ರಕ್ಷುಬ್ಧಗೊಳಿಸುವ ಉದ್ದೇಶದಿಂದಲೇ. ಅಲ್ಲಿ ಅದು ಸಾಧ್ಯ, ಏಕೆಂದರೆ ತಲೆಯ ಅಗಲ ಹತ್ತು ಸೆಂಟಿಮೀಟರಿಗೂ ಹೆಚ್ಚು. ಅದರ ರೆನಾಲ್ಡ್ಸ್ ಸಂಖ್ಯೆ ಲಕ್ಷಗಳಲ್ಲಿದೆ. ಅದೇ ಏಣನ್ನು 10 ಮಿಲಿಮೀಟರ್ ದಂಡದ ಮೇಲೆ ಹಾಕಿದರೆ ಸಂಖ್ಯೆ 33,000ದಲ್ಲಿಯೇ ನಿಲ್ಲುತ್ತದೆ.

ಹಾಗಾದರೆ ದಂಡದ ತಡೆಯನ್ನು ತಗ್ಗಿಸಿದರೆ ಎಷ್ಟು ದೂರ ಸಿಗುತ್ತದೆ? 200 ಗ್ರಾಂ ತೂಕದ ತಲೆಯಲ್ಲಿ ಆ ವೇಗದಲ್ಲಿ ಇರುವ ಶಕ್ತಿ 250 ಜೂಲ್. ಇಡೀ ಇಳಿಬೀಸಿನಲ್ಲಿ ದಂಡ ಗಾಳಿಗೆ ಕಳೆದುಕೊಳ್ಳುವುದು, ನನ್ನ ಅಂದಾಜಿನಂತೆ, ಆರೆಂಟು ಜೂಲ್. ದಂಡವನ್ನು ಶೇಕಡ ಹತ್ತರಷ್ಟು ತೆಳುವಾಗಿಸಿ, ಹಾಗೆ ಉಳಿತಾಯವಾದ ಶಕ್ತಿಯೆಲ್ಲವೂ ತಲೆಗೇ ಹೋಯಿತೆಂದುಕೊಂಡರೂ ತಲೆಯ ವೇಗ ಸೆಕೆಂಡಿಗೆ ಏಳು ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ಚೆಂಡು ಅರ್ಧ ಮೀಟರಿಗಿಂತ ಕಡಿಮೆ ಮುಂದೆ ಹೋಗುತ್ತದೆ. ತಲೆಯ ನಡುವಿನಿಂದ ಒಂದು ಬೆರಳಿನಷ್ಟು ಆಚೆ ಹೊಡೆದರೆ ಕಳೆದುಕೊಳ್ಳುವುದು ಇದರ ಹಲವು ಪಟ್ಟು.

ನೀಳ ಅಡ್ಡಕೊಯ್ತಕ್ಕೆ ಗಾಲ್ಫಿನಲ್ಲಿ ದಾರಿಯೇ ಇಲ್ಲ. ದಂಡವನ್ನು ಅದರ ಅಕ್ಷದ ಸುತ್ತ ಹೇಗೆ ತಿರುಗಿಸಿ ಬಾಗಿಸಿದರೂ ಅದು ಒಂದೇ ಪ್ರಮಾಣದಲ್ಲಿ ಬಾಗಬೇಕು, ಎರಡೂ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ತಿರುಚಿಕೊಳ್ಳಬೇಕು ಎಂದು ಸಲಕರಣೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ರೆಕ್ಕೆಯಾಕಾರದ ಕೊಳವೆ ಒಂದು ದಿಕ್ಕಿಗೆ ಗಡುಸಾಗಿ ಇನ್ನೊಂದು ದಿಕ್ಕಿಗೆ ಮೆತ್ತಗಾಗುವುದರಿಂದ ಅಲ್ಲಿಯೇ ಅನರ್ಹವಾಗುತ್ತದೆ. ನಾರುಗಳನ್ನು ಜಾಣತನದಿಂದ ಜೋಡಿಸಿ ಎರಡೂ ದಿಕ್ಕಿನ ಬಾಗನ್ನು ಸಮಗೊಳಿಸಬಹುದೆಂದು ಕಾಗದದ ಮೇಲೆ ತೋರಿಸಬಹುದು, ಆದರೆ ಅರ್ಧ ಮೀಟರಿಗಾಗಿ ಅಷ್ಟು ಶ್ರಮ ಪಡುವವರು ವಿರಳ. ಉಕ್ಕಿನ ದಂಡಗಳ ಮೇಲೆ ಕಾಣುವ ಮೆಟ್ಟಿಲುಗಳು ಗಾಳಿಗಾಗಿ ಇವೆಯೆಂದು ಕೆಲವು ಗಿರಾಕಿಗಳು ಭಾವಿಸುತ್ತಾರೆ. ಅವು ಕೊಳವೆಯನ್ನು ಹಂತಹಂತವಾಗಿ ಸಪೂರಗೊಳಿಸುವ ತಯಾರಿಕೆಯ ವಿಧಾನದಿಂದ ಬಂದವು, ಅಷ್ಟೇ.

ಉತ್ತರ: ಈಟಿ ವಲಯ

ಇಲ್ಲಿಯವರೆಗಿನ ಚರ್ಚೆ ಗಾಳಿಗೆ ಅಡ್ಡವಾಗಿ ಬೀಸುವ ದಂಡಗಳದ್ದು. ಗಾಳಿಯ ಉದ್ದಕ್ಕೆ ಹಾರುವ ದಂಡಗಳೂ ಕ್ರೀಡೆಯಲ್ಲಿವೆ, ಮತ್ತು ಮೇಲ್ಮೈಯನ್ನು ಒರಟಾಗಿಸುವ ನಿಮ್ಮ ಯೋಚನೆ ನಿಜವಾಗಿಯೂ ಫಲ ಕೊಟ್ಟು, ಫಲ ಕೊಟ್ಟಿತೆಂಬ ಕಾರಣಕ್ಕೇ ನಿಷೇಧಕ್ಕೊಳಗಾದದ್ದು ಅಲ್ಲಿ. ನಾನು ಹೇಳುತ್ತಿರುವುದು ಜಾವೆಲಿನ್ ಕುರಿತು.

1984ರಲ್ಲಿ ಪೂರ್ವ ಜರ್ಮನಿಯ ಊವೆ ಹೋನ್ ಬರ್ಲಿನ್ನಿನಲ್ಲಿ 104.80 ಮೀಟರ್ ಎಸೆದ ಮೇಲೆ ಮೈದಾನಗಳೇ ಸಾಲದಾಗುವ ಭಯ ಹುಟ್ಟಿತು. ಅದಲ್ಲದೆ ಆ ಕಾಲದ ಈಟಿಗಳು ಮೂತಿಯಿಂದ ನೆಲಕ್ಕೆ ನಾಟದೆ ಮಟ್ಟಸವಾಗಿ ಬೀಳುತ್ತಿದ್ದುದರಿಂದ ಎಸೆತ ಸರಿಯೋ ತಪ್ಪೋ ಎಂಬ ತಕರಾರುಗಳೂ ಇದ್ದವು. 1986ರಲ್ಲಿ ಪುರುಷರ ಈಟಿಯ ಗುರುತ್ವ ಕೇಂದ್ರವನ್ನು ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಗಾಳಿಯ ಬಲ ವರ್ತಿಸುವ ಒತ್ತಡ ಕೇಂದ್ರವು ಗುರುತ್ವ ಕೇಂದ್ರಕ್ಕಿಂತ ಹಿಂದೆ ಉಳಿದುದರಿಂದ ಈಟಿ ತೇಲುವುದನ್ನು ಬಿಟ್ಟು ಬೇಗನೆ ಮೂತಿ ಬಾಗಿಸತೊಡಗಿತು, ದೂರ ಕಡಿಮೆಯಾಯಿತು. ಆಗ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಚಾಂಪಿಯನ್ ಹಂಗೆರಿಯ ಮಿಕ್ಲೋಶ್ ನೇಮೆತ್ ತಯಾರಿಸಿದ ಈಟಿಗಳ ಬಾಲವನ್ನು ಉದ್ದೇಶಪೂರ್ವಕವಾಗಿ ಒರಟಾಗಿಸಲಾಗಿತ್ತು. ಈಟಿ ಸ್ವಲ್ಪ ಓರೆಯಾಗಿ ಹಾರುವಾಗ ಬಾಲದ ಮೇಲೆ ಬೀಳುವ ಗಾಳಿಯ ಬಲ ಈ ಒರಟುತನದಿಂದ ತಗ್ಗುತ್ತದೆ. ಬಾಲದ ಬಲ ತಗ್ಗಿದರೆ ಒತ್ತಡ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಮೂತಿ ಬಾಗುವುದು ತಡವಾಗುತ್ತದೆ. ನಿಯಮ ಕಿತ್ತುಕೊಂಡದ್ದನ್ನು ಒರಟು ಬಾಲ ಬಹುಮಟ್ಟಿಗೆ ಹಿಂದಿರುಗಿಸಿತು ಎನ್ನಬಹುದು. ಫಿನ್ಲೆಂಡಿನ ಸೆಪ್ಪೊ ರಾತು 1991ರಲ್ಲಿ ಇಂಥ ಈಟಿಯಿಂದ 96.96 ಮೀಟರ್ ಎಸೆದರು. ಅದೇ ವರ್ಷ ಒರಟು ಬಾಲವನ್ನು ನಿಷೇಧಿಸಿ, ಅಂಥ ಈಟಿಗಳಿಂದಾದ ದಾಖಲೆಗಳನ್ನು ರದ್ದುಪಡಿಸಿ, ಬ್ರಿಟನ್ನಿನ ಸ್ಟೀವ್ ಬ್ಯಾಕ್ಲಿ 1990ರಲ್ಲಿ ಎಸೆದಿದ್ದ 89.58 ಮೀಟರನ್ನೇ ಮತ್ತೆ ವಿಶ್ವದಾಖಲೆಯಾಗಿ ಇಟ್ಟುಕೊಂಡರು. ಈಟಿಯ ಮೇಲೆ ಕುಳಿ, ಗೀರು, ಏಣು, ತೂತು, ಒರಟುತನ ಯಾವುದೂ ಇರಬಾರದು, ಮೇಲ್ಮೈ ಉದ್ದಕ್ಕೂ ನಯವಾಗಿರಬೇಕು ಎಂಬ ನಿಯಮ ಇಂದಿಗೂ ಇದೆ. ಈಗಿನ ವಿಶ್ವದಾಖಲೆಯಾದ ಯಾನ್ ಜೆಲೆಜ್ನಿ ಅವರ 98.48 ಮೀಟರ್ 1996ರದ್ದು. 2025ರ ಜುಲೈಯಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದಾಗ ಅಲ್ಲಿ ಹಾರಿದ ಈಟಿಗಳೆಲ್ಲವೂ ಈ ನಿಯಮಕ್ಕೆ ಒಳಪಟ್ಟವೇ.

ಗಮನಿಸಬೇಕಾದ ಅಂಶವೆಂದರೆ, ಈಟಿಯಲ್ಲಿ ಕಡಿಮೆ ತಡೆಯೇ ಗುರಿಯಲ್ಲ. ತಡೆ ಎಲ್ಲಿ ಬೀಳುತ್ತದೆ ಎಂಬುದೇ ಹೆಚ್ಚು ಮುಖ್ಯ. 1953ರಲ್ಲಿ 80 ಮೀಟರ್ ದಾಟಿದ ಮೊದಲಿಗರಾದ ಅಮೆರಿಕದ ಬಡ್ ಹೆಲ್ಡ್ ಬಳಸಿದ್ದು ಹಳೆಯದಕ್ಕಿಂತ ದಪ್ಪನೆಯ ಈಟಿಯನ್ನು, ಏಕೆಂದರೆ ಅಗಲವಾದ ಮೈ ಹೆಚ್ಚು ತೇಲಿಸುತ್ತದೆ. ಪುರುಷರ ಈಟಿಯ ಅತಿ ದಪ್ಪನೆಯ ಭಾಗ 25ರಿಂದ 30 ಮಿಲಿಮೀಟರಿನೊಳಗೆ ಇರಬೇಕೆಂಬ ಈಗಿನ ನಿಯಮ ಆ ದಾರಿಯನ್ನೂ ಕಟ್ಟಿಹಾಕಿದೆ.

ಉತ್ತರ: ಎಪ್ಪತ್ತು ಮೀಟರ್

ಬಿಲ್ಲುಗಾರರ ಕಡೆಯಿಂದ ಒಂದು ಸಣ್ಣ ಸೇರ್ಪಡೆ. ಬಾಣದ ವಿಷಯದಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗಾಗುತ್ತದೆ. ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲಿನಿಂದ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ ಹೊರಡುವ ಬಾಣ ಗಾಳಿಯ ಉದ್ದಕ್ಕೆ ನೆಟ್ಟಗೆ ಹೋಗುವುದರಿಂದ, ಅಲ್ಲಿ ಹಿಂಬದಿಯ ಸುಳಿವಲಯಕ್ಕಿಂತ ಮೈಯುದ್ದದ ಘರ್ಷಣೆಯೇ ದೊಡ್ಡದು. ಗಡಿಪದರ ನಯವಾಗಿದ್ದರೆ ಘರ್ಷಣೆ ಕಡಿಮೆ; ಪ್ರಕ್ಷುಬ್ಧವಾದರೆ ಹೆಚ್ಚು. ಜಪಾನಿನಲ್ಲಿ ಬಾಣವನ್ನು ವಾಯುಸುರಂಗದೊಳಗೆ ಆಯಸ್ಕಾಂತಗಳ ಬಲದಿಂದ ಯಾವ ಆಧಾರವೂ ತಾಗದಂತೆ ತೇಲಿಸಿ ಅಳೆದಾಗ, ನಯವಾದ ಹರಿವಿನಲ್ಲಿ ಸುಮಾರು 1.5 ಇದ್ದ ಡ್ರ್ಯಾಗ್ ಗುಣಾಂಕವು ಪ್ರಕ್ಷುಬ್ಧ ಹರಿವಿನಲ್ಲಿ 2.6ರ ಹತ್ತಿರಕ್ಕೆ ಏರಿತು. ಈ ಬದಲಾವಣೆ ನಡೆಯುವುದು ರೆನಾಲ್ಡ್ಸ್ ಸಂಖ್ಯೆ 10,000ದಿಂದ 20,000ದ ನಡುವೆ, ಅಂದರೆ ನಾವು ಎಸೆಯುವ ವೇಗಗಳ ಆಸುಪಾಸಿನಲ್ಲಿಯೇ. ಬಾಣ ಬಿಲ್ಲಿನಿಂದ ಹೊರಡುವಾಗ ಬಳುಕುವುದೂ ಗಡಿಪದರವನ್ನು ಕೆಡಿಸುವ ಕಾರಣಗಳಲ್ಲಿ ಒಂದು. ಆದುದರಿಂದ ನಿಮ್ಮ ಕುಳಿಗಳನ್ನು ಬಾಣದ ಮೇಲೆ ಮೂಡಿಸಿದರೆ ತಡೆ ಹೆಚ್ಚುವುದೇ ಖಚಿತ.

70 ಮೀಟರಿನ ಹೊರಾಂಗಣ ಸ್ಪರ್ಧೆಗಳಲ್ಲಿ ತೆಳುವಾದ, ನಡುವೆ ಸ್ವಲ್ಪ ಉಬ್ಬಿ ಎರಡೂ ತುದಿಗಳಲ್ಲಿ ಸಪೂರಗೊಂಡ ಕಾರ್ಬನ್ ಬಾಣಗಳನ್ನು ಬಳಸುತ್ತೇವೆ. ಅವುಗಳಿಂದ ವೇಗ ಉಳಿಯುವುದಕ್ಕಿಂತ ಹೆಚ್ಚಾಗಿ ಪಕ್ಕದ ಗಾಳಿಗೆ ಬಾಣ ಕಡಿಮೆ ಸರಿಯುತ್ತದೆ ಎಂಬುದು ನಮಗೆ ಮುಖ್ಯ. ಗಾಳಿಯಿಲ್ಲದ 18 ಮೀಟರಿನ ಒಳಾಂಗಣದಲ್ಲಿ ಅದೇ ಬಿಲ್ಲುಗಾರರು ನಿಯಮ ಅನುಮತಿಸುವ 9.3 ಮಿಲಿಮೀಟರಿನವರೆಗಿನ ದಪ್ಪ ಬಾಣಗಳನ್ನು ಆರಿಸಿಕೊಳ್ಳುತ್ತಾರೆ, ಏಕೆಂದರೆ ದಪ್ಪ ಬಾಣ ಗುರಿಫಲಕದ ಗೆರೆಯನ್ನು ತಾಗಿ ಹೆಚ್ಚಿನ ಅಂಕ ತರುವ ಸಂಭವ ಹೆಚ್ಚು. ಅಲ್ಲಿ ಗಾಳಿಯ ತಡೆಯನ್ನು ಕೇಳುವವರೇ ಇಲ್ಲ.

ಪ್ರತಿಕ್ರಿಯೆ: ಶಟಲ್‌ಪ್ರಿಯ

ಎಲ್ಲರಿಗೂ ಕೃತಜ್ಞತೆಗಳು. ಕುಳಿ ಮತ್ತು ಏಣುಗಳನ್ನು ಕೈಬಿಟ್ಟು, ದುಂಡು ದಂಡ ಮತ್ತು ಎರಡು ಬಗೆಯ ದೀರ್ಘವೃತ್ತದ ದಂಡಗಳನ್ನು ಗಾಳಿಯ ಬೇರೆ ಬೇರೆ ಕೋನಗಳಲ್ಲಿ ಹೋಲಿಸುವುದೆಂದು ತಂಡದಲ್ಲಿ ತೀರ್ಮಾನಿಸಿದ್ದೇವೆ. ಕುಳಿಯಿರುವ ಒಂದು ದಂಡವನ್ನು ಮಾತ್ರ, ಲಾಭವಿಲ್ಲ ಎಂಬುದನ್ನು ಅಳತೆಯಿಂದಲೇ ತೋರಿಸುವ ಸಲುವಾಗಿ ಉಳಿಸಿಕೊಂಡಿದ್ದೇವೆ. ಉಳಿದಿರುವುದು ಅಳತೆಯ ಪ್ರಶ್ನೆ. 7 ಮಿಲಿಮೀಟರ್ ದಂಡದ ಬದಲು 20 ಮಿಲಿಮೀಟರ್ ಮಾದರಿಯನ್ನು ಮಾಡಿ, ಬಲವನ್ನು ದೊಡ್ಡದಾಗಿಸಿಕೊಂಡು ಅಳೆಯಬಹುದೇ?

ಉತ್ತರ: ಹರಿವಿನ ಮೇಷ್ಟ್ರು

ದೊಡ್ಡ ಮಾದರಿಯ ಅಗತ್ಯವಿಲ್ಲ ಎನ್ನುವುದು ನನ್ನ ಸಲಹೆ. 7 ಮಿಲಿಮೀಟರ್ ದಂಡವನ್ನು ಸುರಂಗದ 300 ಮಿಲಿಮೀಟರ್ ಅಗಲಕ್ಕೆ ಅಡ್ಡಲಾಗಿ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಇಟ್ಟು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಗಾಳಿ ಹರಿಸಿದರೆ ಬಲ ಸುಮಾರು 0.95 ನ್ಯೂಟನ್ ಬರುತ್ತದೆ. ಐದು ನ್ಯೂಟನ್ ಸಾಮರ್ಥ್ಯದ ಸಾಧಾರಣ ಲೋಡ್ ಸೆಲ್ (ಬಲ ಅಳೆಯುವ ಸಂವೇದಕ) ಇದನ್ನು ಧಾರಾಳವಾಗಿ ಗುರುತಿಸುತ್ತದೆ. 7 ಮಿಲಿಮೀಟರ್ ಮಾದರಿ ಸುರಂಗದ ಎತ್ತರದ ಶೇಕಡ 2.3ರಷ್ಟನ್ನು ಮಾತ್ರ ಅಡ್ಡಗಟ್ಟುತ್ತದೆ. 20 ಮಿಲಿಮೀಟರ್ ಮಾದರಿ ಶೇಕಡ 6.7ರಷ್ಟನ್ನು ಅಡ್ಡಗಟ್ಟುವುದರಿಂದ ಗಾಳಿ ಬದಿಗಳಲ್ಲಿ ಇಕ್ಕಟ್ಟಾಗಿ ವೇಗ ಹೆಚ್ಚಿಸಿಕೊಂಡು ತಡೆಯನ್ನು ಹೆಚ್ಚಾಗಿ ತೋರಿಸುತ್ತದೆ, ಆಗ ತಿದ್ದುಪಡಿಯ ಸೂತ್ರಗಳ ಹಿಂದೆ ಹೋಗಬೇಕಾಗುತ್ತದೆ. ದೊಡ್ಡ ಮಾದರಿಯನ್ನೇ ಬಳಸುವುದಾದರೆ ರೆನಾಲ್ಡ್ಸ್ ಸಂಖ್ಯೆ ಸಮನಾಗಿರಲು ವೇಗವನ್ನು ಸೆಕೆಂಡಿಗೆ ಒಂಬತ್ತು ಮೀಟರಿಗಿಂತ ಕೆಳಗೆ ಇಳಿಸಬೇಕು. ಆಗ ಪ್ರತಿ ಚದರ ಮೀಟರಿನ ಬಲ ಎಂಟರಲ್ಲಿ ಒಂದಾಗಿ, ವ್ಯಾಸ ಹಿಗ್ಗಿಸಿ ಗಳಿಸಿದ್ದೆಲ್ಲ ಕರಗಿ, ಅಳೆಯಬೇಕಾದ ಬಲ 0.33 ನ್ಯೂಟನ್ನಿಗೆ ಇಳಿಯುತ್ತದೆ.

ದಂಡದ ತುದಿಗಳು ಗೋಡೆಯ ತೂತುಗಳ ಮೂಲಕ ಹೊರಬರುವಲ್ಲಿ ಅಂಚಿಗೆ ತಾಗದಂತೆ ಒಂದು ಮಿಲಿಮೀಟರಿನಷ್ಟು ಸಂದಿ ಬಿಡಿ. ತಾಗಿದರೆ ಬಲದ ಒಂದು ಪಾಲನ್ನು ಗೋಡೆಯೇ ಹೊತ್ತುಕೊಳ್ಳುತ್ತದೆ. ಸಂದಿಯಿಂದ ಗಾಳಿ ಒಳನುಗ್ಗದಂತೆ ಹೊರಗಡೆ ಒಂದು ಸಣ್ಣ ಪೆಟ್ಟಿಗೆಯನ್ನು ಮುಚ್ಚಿ. ಮಾದರಿಯ ಮುಂದೆ ಪಿಟಾಟ್ ನಳಿಗೆಯಿಂದ ವೇಗವನ್ನು ಪ್ರತಿ ಓಟದಲ್ಲಿಯೂ ದಾಖಲಿಸಿ, ಏಕೆಂದರೆ ವೇಗದಲ್ಲಿ ಶೇಕಡ ಎರಡರ ತಪ್ಪು ತಡೆಯಲ್ಲಿ ಶೇಕಡ ನಾಲ್ಕರ ತಪ್ಪಾಗುತ್ತದೆ. ಗಾಳಿಯ ಸಾಂದ್ರತೆಗೆ ಪುಸ್ತಕದಲ್ಲಿರುವ, ಘನ ಮೀಟರಿಗೆ 1.2 ಕಿಲೋಗ್ರಾಂ ಎಂಬ ಬೆಲೆಯನ್ನು ಹಾಕಬೇಡಿ, ಧಾರವಾಡದ ಎತ್ತರಕ್ಕೆ ಅದು ಹೆಚ್ಚು. ಆ ದಿನದ ಒತ್ತಡ ಮತ್ತು ಉಷ್ಣತೆಯಿಂದ ಲೆಕ್ಕ ಹಾಕಿಕೊಳ್ಳಿ. ದುಂಡು ದಂಡದ ಗುಣಾಂಕ 1.1ರಿಂದ 1.2ರೊಳಗೆ ಬಂದರೆ ನಿಮ್ಮ ವ್ಯವಸ್ಥೆ ಸರಿಯಿದೆಯೆಂದು ತಿಳಿದು ದೀರ್ಘವೃತ್ತಕ್ಕೆ ಹೋಗಿ. ಕೋನವನ್ನು ಹದಿನೈದು ಡಿಗ್ರಿಗೊಮ್ಮೆ ಬದಲಿಸಿ, ಮೊದಲ ಮೂವತ್ತು ಡಿಗ್ರಿಗಳಲ್ಲಿ ಮಾತ್ರ ಐದು ಡಿಗ್ರಿಗೊಮ್ಮೆ ಅಳೆಯಿರಿ. ಹರಿವು ಮೇಲ್ಮೈಯನ್ನು ಬಿಟ್ಟುಕೊಂಡು ತಡೆ ಜಿಗಿಯುವುದು ಆ ವ್ಯಾಪ್ತಿಯಲ್ಲಿಯೇ.